ಬಚ್ಚಲುಮನೆಯ ಬಾಣಂತಿ

ನಮ್ಮ ಮನೆಯಲ್ಲಿ ಕಾಯಿಲೆ ಬೀಳುವುದಕ್ಕೆ ಯಾರೂ ಹೆದರುತ್ತಿರಲಿಲ್ಲ. ಅಜ್ಜಿ ಇದ್ದಳಲ್ಲ! ಹೊಳೆನರಸೀಪುರದ ಕೋಟೆಯೊಳಗೆ ನಮ್ಮದು ಹಂಚಿನ ಮನೆ; ಜಗುಲಿಯಿಂದ ಹಿತ್ತಲ ಬಾಗಿಲಿನವರೆಗೆ ಒಂದರ ಹಿಂದೊಂದು ಕೋಣೆ, ರೈಲು ಡಬ್ಬಿಯ ಹಾಗೆ. ನಡುಮನೆಯ ಗೋಡೆಗೂಡಿನಲ್ಲಿ ಅಜ್ಜಿಯ ಬಿಸ್ಕತ್ತಿನ ಡಬ್ಬ ಕೂತಿರುತ್ತಿತ್ತು. ಅದರೊಳಗೆ ಬಿಸ್ಕತ್ತು ಇದ್ದದ್ದನ್ನು ನಾನಂತೂ ಕಂಡವಳಲ್ಲ. ಒಂದು ಮಗ್ಗುಲಲ್ಲಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಹಿಪ್ಪಲಿ. ಇನ್ನೊಂದು ಮಗ್ಗುಲಲ್ಲಿ ಯಾರ್ಯಾರಿಗೋ ಬರೆದುಕೊಟ್ಟು ಮಿಕ್ಕಿ ಉಳಿದ ಮಾತ್ರೆಗಳು. ತಾತನ ಕೆಮ್ಮಿಗೆ ತಂದದ್ದು, ಅಪ್ಪನ ಹೊಟ್ಟೆನೋವಿಗೆ ತಂದದ್ದು, ನನಗೆ ಕಿವಿ ಸೋರಿದಾಗ ತಂದದ್ದು. ನಮ್ಮಲ್ಲಿ ಮಾತ್ರೆ ಬಿಸಾಡುವ ಪದ್ಧತಿಯೇ ಇರಲಿಲ್ಲ. ಅನ್ನ ಬಿಸಾಡುತ್ತಾರೆಯೇ, ಹಾಗೆ. ಅಜ್ಜಿಯ ಲೆಕ್ಕ ಸರಳವಾಗಿತ್ತು. ದೊಡ್ಡವರಿಗೆ ಇಡೀ ಮಾತ್ರೆ, ಮಕ್ಕಳಿಗೆ ಅರ್ಧ, ಕೂಸಿಗೆ ಕಾಲು. ಅಡಿಕೆ ಕತ್ತರಿಯಲ್ಲಿ ಇಟ್ಟು ಕಟ್ ಎನ್ನಿಸಿದರೆ ಪುಡಿ ಕೂಡ ಉದುರುತ್ತಿರಲಿಲ್ಲ.

ಅಜ್ಜಿಗೆ ಕೈಗುಣ ಇದೆ ಎಂದು ಇಡೀ ಬೀದಿ ನಂಬಿತ್ತು. ಈಗಿನವರು ನಕ್ಕರೆ ನಗಲಿ, ನಾನೂ ನಂಬಿದ್ದೆ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಅಂಗಡಿಯಿಂದ ಕೊಂಡವರು ನೇರ ತಮ್ಮ ಮನೆಗೆ ಹೋಗುತ್ತಿರಲಿಲ್ಲ, ನಮ್ಮ ಜಗುಲಿ ಹತ್ತುತ್ತಿದ್ದರು. ಮೊದಲ ಮಾತ್ರೆ ಅಜ್ಜಿಯ ಕೈಯಿಂದ ಬಾಯಿಗೆ ಬೀಳಬೇಕು. ಅಜ್ಜಿ ಕೈ ತೊಳೆದು, ದೇವರ ಕಡೆ ಒಮ್ಮೆ ನೋಡಿ, “ನುಂಗು, ನಾಳೆ ಎದ್ದು ಓಡಾಡ್ತೀಯ” ಎನ್ನುವಳು. ಎಷ್ಟೋ ಜನ ಎದ್ದು ಓಡಾಡಿದರು. ಏಳದವರ ಸುದ್ದಿಯನ್ನು ಯಾರೂ ನಮ್ಮ ಮನೆಗೆ ತರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ತಾತ ನಮ್ಮ ಬೀದಿಯ ರಾಮದೇವರ ಗುಡಿಯ ಅರ್ಚಕರು, ಅಪ್ಪ ಅರಕಲಗೂಡಿನಲ್ಲಿ ಮೇಷ್ಟ್ರು, ಶನಿವಾರ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುವವರು. ಆದ್ದರಿಂದ ಮನೆಯ ಯಜಮಾನಿಕೆ, ಅಡುಗೆ, ಮಡಿ, ಮದ್ದು ಎಲ್ಲ ಅಜ್ಜಿಯದೇ. ಅಮ್ಮ ಅವಳ ಹಿಂದೆ ಮುಂದೆ ಓಡಾಡಿಕೊಂಡಿದ್ದಳು, ನಾನು ಅಮ್ಮನ ಕಾಲಿಗೆ ತೊಡರಿಕೊಂಡು ಓಡಾಡುತ್ತಿದ್ದೆ.

ಆ ವರ್ಷ ಅಪ್ಪನ ತಂಗಿ ವನಜತ್ತೆ ಚನ್ನರಾಯಪಟ್ಟಣದಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಷಾಢದಲ್ಲಿ ಗಂಡು ಕೂಸು ಹುಟ್ಟಿತು. ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಬಿತ್ತು. ಅತ್ತೆಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಬೇರೆ ದಿನ ಬೆಳ್ಳುಳ್ಳಿ ಎಂಬ ಹೆಸರೇ ಎತ್ತಬಾರದ ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಡುವ ವಾಸನೆ. ಬೆಳಿಗ್ಗೆ ಎದ್ದರೆ ಬಚ್ಚಲ ಹಂಡೆಯ ಕೆಳಗೆ ಧಗಧಗ ಉರಿ. ಅತ್ತೆಗೆ ಮೈ ಕೆಂಪಗಾಗುವಷ್ಟು ಬಿಸಿನೀರು ಹುಯ್ದು, ಸಾಂಬ್ರಾಣಿ ಹಾಕಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕೂಸಿನ ನಾಲಗೆಗೆ ಬಜೆ ತೇಯ್ದು ಬೆರಳಲ್ಲಿ ಸವರುವುದು ಅಜ್ಜಿಯ ನಿತ್ಯದ ಪೂಜೆ. ಆ ಕೂಸು ಅಜ್ಜಿಯ ತೋರುಬೆರಳನ್ನು ಚೀಪುವುದನ್ನು ನೋಡುವುದಕ್ಕೆಂದೇ ನಾನು ಬೇಗ ಏಳುತ್ತಿದ್ದೆ.

ಶ್ರಾವಣ ಹುಟ್ಟಿದ ವಾರ ಜವರಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ನಮ್ಮ ಹಿಂದಿನ ಓಣಿಯ ದೊಡ್ಡ ಬೇಸಾಯದ ಮನೆಯವಳು, ನಮಗೆ ವರ್ತನೆ ಹಾಲು ಹಾಕುವವಳು. ರಾಮನಾಥಪುರದ ಹತ್ತಿರ ಅವರಿಗೆ ಹೊಗೆಸೊಪ್ಪಿನ ಹೊಲ. ಸೊಪ್ಪು ಬೇಯಿಸುವ ಕಾಲ ಬಂದರೆ ಮನೆಮಂದಿಯೆಲ್ಲ ಅಲ್ಲಿಯೇ, ಸೊಪ್ಪಿಗೆ ಕಾವು ಕೊಡುವ ಬ್ಯಾರನ್ ಮನೆಯ ಪಕ್ಕದ ಶೆಡ್ಡಿನಲ್ಲಿ ಬಿಡಾರ ಹೂಡುತ್ತಿದ್ದರು. ಅವಳ ಕಂಕುಳಲ್ಲಿ ಒಂದು ಬೆಕ್ಕು, ಬೂದು ಮೈ, ಬಿಳಿ ಕತ್ತು, ಹೊಟ್ಟೆ ಮಾತ್ರ ತುಂಬಿದ ಗಡಿಗೆ.

“ಅಮ್ಮಾರೆ, ಅಲ್ಲಿ ಬ್ಯಾರನ್ ಕಾವು, ಹೊಗೆ, ಮ್ಯಾಲೆ ನಾಯಿ ಕಾಟ. ಇವ್ಳು ದಿನ ತುಂಬಿದ ಬಸ್ರಿ. ಎಲ್ಗೆ ಕರ್ಕಂಡೋಗ್ಲಿ? ಸೊಪ್ಪಿನ ಕೆಲ್ಸ ಮುಗಿಯೋಗಂಟ ನಿಮ್ತಾವ ಇರ್ಲಿ. ಮಗಳ ತರ ನೋಡ್ಕಳಿ. ಬಂದು ತಾಯಿ ಮರಿ ಎಲ್ಲಾನೂವೆ ಕರ್ಕಂಡೋಯ್ತೀನಿ.”

“ಬಸುರಿ ಬಾಗಿಲಿಗೆ ಬಂದ್ಮೇಲೆ ಇಲ್ಲ ಅನ್ನೋಕಾಗುತ್ತೇನೇ? ಬಿಟ್ಟು ಹೋಗು. ನನ್ನ ಮಗಳ ಜೊತೆ ಇವಳದೂ ಒಂದು ಬಾಣಂತನ ಆಗಿಹೋಗ್ಲಿ.”

“ನೀವಿದ್ದೀರ ಅಂತ ಧೈರ್ಯ ಕಣಮ್ಮಾರೆ” ಎಂದು ಜವರಮ್ಮ ಬೆಕ್ಕಿನ ತಲೆ ನೇವರಿಸಿ ಹೋದಳು. ಅವರ ಮನೆಯಲ್ಲಿ ಅದಕ್ಕೆ ಪುಟ್ಟಿ ಎಂದು ಹೆಸರು. ಅಜ್ಜಿ ಗೌರಿ ಎಂದು ಬದಲಾಯಿಸಿದಳು. ಗೌರಿ ಹಬ್ಬಕ್ಕೆ ಮುಂಚೆಯೇ ತವರಿಗೆ ಬಂದವಳು ಗೌರಿಯಲ್ಲದೆ ಇನ್ನಾರು ಎಂದು ವಾದ.

ಗೌರಿ ಹೆತ್ತದ್ದು ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ. ಅಜ್ಜಿ ಅಲ್ಲಿ ಒಂದು ಬಿದಿರಿನ ಮಂಕರಿ ಇಟ್ಟು ತನ್ನ ಹಳೆಯ ನೂಲಿನ ಸೀರೆ ಹಾಸಿದ್ದಳು. ನಾಲ್ಕು ಮರಿ. ಅಲ್ಲಿಂದ ನಮ್ಮ ಮನೆಯಲ್ಲಿ ಇಬ್ಬರು ಬಾಣಂತಿಯರು. ಅತ್ತೆಗೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಣಸಿನ ಸಾರು, ತುಪ್ಪದ ಅನ್ನ. ಗೌರಿಗೆ ಹಾಲನ್ನ, ಮೇಲೆ ತುಪ್ಪ. ಒಂದು ದಿನ ಅಜ್ಜಿ ಬಾಣಂತಿ ಲೇಹ್ಯವನ್ನೂ ಉಂಡೆ ಮಾಡಿ ಮುಂದೆ ಹಿಡಿದಳು. ಗೌರಿ ಮೂಸಿ, ಸೀನಿ, ಬೆನ್ನು ತಿರುಗಿಸಿ ಕೂತಳು. “ಕೊಬ್ಬು ನೋಡು ಇವಳಿಗೆ!” ಎಂದು ಅಜ್ಜಿ ಬೈದಳೇ ಹೊರತು ಒಳಗೊಳಗೇ ಖುಷಿ. ಸಂಜೆ ಕೂಸಿಗೆ ದೃಷ್ಟಿ ತೆಗೆದ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕುವ ಮುಂಚೆ ಮಂಕರಿಗೂ ಒಮ್ಮೆ ನಿವಾಳಿಸುತ್ತಿದ್ದಳು. “ಒಂದು ಬಾಣಂತನಕ್ಕೇ ನನ್ನ ಸೊಂಟ ಬಿದ್ದುಹೋಗಿದೆ” ಎಂದು ಅಮ್ಮ ಗೊಣಗಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಕ್ಕು ಮರಿ ಹಾಕಿದರೆ ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ ನಮ್ಮ ಕಡೆ. ಗೌರಿ ಎಲ್ಲಿಗೂ ಒಯ್ಯಲಿಲ್ಲ. ಅದು ಅಜ್ಜಿಗೆ ಬಹಳ ದೊಡ್ಡ ವಿಷಯವಾಗಿತ್ತು. ಜಗುಲಿಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು:

“ಏಳು ಮನೆ ತಿರುಗಿಸಬೇಕಾದೋಳು ಇದ್ದಲ್ಲೇ ಇದ್ದಾಳೆ ನೋಡಿ. ನಮ್ಮನ್ನ ಅಷ್ಟು ನಂಬಿದ್ದಾಳೆ.”

ಮರಿಗಳು ಕಣ್ಣು ಬಿಡುತ್ತಿದ್ದ ಹೊತ್ತಿಗೆ ವನಜತ್ತೆಗೆ ಎದೆ ಕಟ್ಟಿಕೊಂಡು ಜ್ವರ ಬಂತು. ಕೂಸಿಗೆ ಕುಡಿಸಲಾರದೆ ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು. ಲೇಡಿ ಡಾಕ್ಟರು ಬಂದು ನೋಡಿ, ಬಿಸಿನೀರಿನ ಬಟ್ಟೆಯಲ್ಲಿ ಒತ್ತುವುದಕ್ಕೆ ಹೇಳಿ, ಜ್ವರಕ್ಕೆ ಮಾತ್ರೆ ಬರೆದುಕೊಟ್ಟರು. ಪ್ಯಾರಸಿಟಮಾಲ್, ಈಗ ಎಲ್ಲರ ಮನೆಯಲ್ಲೂ ಇರುವ ಮಾತ್ರೆ. ಅಜ್ಜಿ ತನ್ನ ಕೈಯಾರೆ ಕೊಟ್ಟಳು. ಮಾರನೆಯ ದಿನ ಜ್ವರ ಇಳಿಯಿತು, ಕೂಸು ಹಾಲು ಕುಡಿಯಿತು, ಉಳಿದ ಮಾತ್ರೆ ಪದ್ಧತಿಯಂತೆ ಡಬ್ಬ ಸೇರಿತು. ಇನ್ನೆರಡು ದಿನಕ್ಕೆ ಗೌರಿ ಮುದುರಿ ಕೂತಳು. ಹಾಲನ್ನ ಮುಟ್ಟಲಿಲ್ಲ. ಮರಿಗಳು ತೆವಳಿಕೊಂಡು ಹತ್ತಿರ ಬಂದರೆ ಗುರ್ ಎನ್ನುವಳು. ಹೊಟ್ಟೆಯ ಕೆಳಗೆ ಒಂದು ಮೊಲೆ ಕೆಂಪಗೆ ಊದಿ ಗಟ್ಟಿಯಾಗಿತ್ತು. ಅಜ್ಜಿ ಅವಳ ಕಿವಿ ಮುಟ್ಟಿ ನೋಡಿದಳು. ಕಾದುಹೋಗಿತ್ತು.

“ಅಯ್ಯೋ ಪಾಪ, ನಮ್ಮ ವನಜಂಗೆ ಆದ ಹಾಗೇ ಆಗಿದೆ ಕಣೇ. ಎದೆ ಕಟ್ಕೊಂಡಿದೆ.”

ಡಬ್ಬ ಬಂತು, ಅಡಿಕೆ ಕತ್ತರಿ ಬಂತು. ಕೂಸಿನ ಲೆಕ್ಕ, ಕಾಲು ಮಾತ್ರೆ. ಅಮ್ಮ ಬಾಗಿಲಲ್ಲಿ ನಿಂತಿದ್ದವಳು ಕೇಳಿದಳು:

“ಬೆಕ್ಕಿಗೆ ಕೊಡಬಹುದಾ ಅತ್ತೆ? ಒಂದು ಮಾತು ಯಾರನ್ನಾದ್ರೂ ಕೇಳಿದ್ರೆ…”

“ಯಾರನ್ನ ಕೇಳೋದೇ? ಆ ಬಾಣಂತಿಗೆ ಗುಣ ಆಗಿದ್ದು ಈ ಬಾಣಂತಿಗೆ ಆಗಲ್ವಾ? ಅವಳಿಗೂ ಅದೇ ನೋವು, ಇವಳಿಗೂ ಅದೇ ನೋವು. ಬಾಯಿಲ್ಲದೋಳು ಅಂತ ಬಿಟ್ಟುಬಿಡೋಕಾಗುತ್ತಾ?”

ತುಪ್ಪದಲ್ಲಿ ಕಲೆಸಿ ಬೆರಳಿನಿಂದ ಬಾಯಿಯ ಅಂಚಿಗೆ ಸವರಿದಳು. ಗೌರಿ ಅಜ್ಜಿಯ ಕೈ ಎಂದು ನೆಕ್ಕಿದಳು. ಸಂಜೆ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ.

ಆ ಬೆಳಿಗ್ಗೆ ಅತ್ತೆಯ ಎರೆಯುವಿಕೆ ಮುಗಿದು, ನಾವು ತಿಂಡಿ ತಿಂದು ಏಳುವ ಹೊತ್ತಿಗೆ ಬಚ್ಚಲಿನಿಂದ ಒಂದು ಥರದ ಏದುಸಿರು ಕೇಳಿಸಿತು. ಹೋಗಿ ನೋಡಿದರೆ ಗೌರಿಯ ಮುಖ ಊದಿಕೊಂಡಿತ್ತು, ಮುಂಗಾಲೂ ಊದಿತ್ತು. ಬಾಯಿ ತೆರೆದುಕೊಂಡು ನಾಯಿಯ ಹಾಗೆ ಉಸಿರು ಬಿಡುತ್ತಿದ್ದಳು, ಜೊಲ್ಲು ಸೋರುತ್ತಿತ್ತು. ಅಜ್ಜಿ ತುಟಿ ಸರಿಸಿ ನೋಡಿದಳು. ಒಸಡು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ನನಗೆ ಆ ಬಣ್ಣ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜಿ ಮರಿಗಳನ್ನು ಅಮ್ಮನ ಸೆರಗಿಗೆ ಹಾಕಿದಳು. ಮಂಕರಿಯನ್ನು ಸೊಂಟಕ್ಕೆ ಏರಿಸಿ, ಮಡಿಯುಟ್ಟ ಸೀರೆಯಲ್ಲೇ ಬೀದಿಗೆ ಇಳಿದಳು. ಅಜ್ಜಿ ಮಡಿಯಲ್ಲಿ ಬೀದಿಗೆ ಇಳಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳ ಹಿಂದೆ ಓಡಿದೆ.

ದನದ ಆಸ್ಪತ್ರೆಯ ಅಂಗಳದಲ್ಲಿ ಹಸು, ಎಮ್ಮೆ, ಕಾಲು ಮುರಿದ ಒಂದು ಎತ್ತು. ಹಳ್ಳಿಮೈಸೂರಿನ ಕಡೆಯಿಂದ ಬಂದಿದ್ದ ರೈತರು ಮಂಕರಿಯೊಳಗೆ ಇಣುಕಿ ನಕ್ಕರು. “ಬೆಕ್ ತಂದವ್ರೆ ಕಣ್ಲಾ!” ಅಜ್ಜಿಯ ಮುಖ ನೋಡಿದ ಮೇಲೆ ನಗು ನಿಂತಿತು. ಅವರೇ ದಾರಿ ಬಿಟ್ಟರು. “ಸಾ, ಐನೋರ ಮನೆ ಅಮ್ಮಾರು ಬಂದವ್ರೆ, ಮೊದ್ಲು ಅವ್ರದ್ನ ನೋಡ್ಬುಡಿ ಸಾ” ಎಂದು ಒಬ್ಬ ಕೂಗಿದ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಒಸಡು ನೋಡಿದವರೇ ಕೇಳಿದರು:

“ಏನಾದ್ರೂ ಔಷಧಿ ಹಾಕಿದ್ರಾ ಅಮ್ಮ?”

“ಹಾಕಿದೆ. ಜ್ವರದ ಮಾತ್ರೆ. ಕಾಲೇ ಕಾಲು ಕೊಟ್ಟಿದ್ದು, ಎರಡು ಸಲ.”

ಅಜ್ಜಿ ಮುಚ್ಚಿಡಲಿಲ್ಲ. ಹೆಮ್ಮೆಯಿಂದಲೂ ಹೇಳಲಿಲ್ಲ. ಡಾಕ್ಟರ ಕೈ ಗೌರಿಯ ಬೆನ್ನಿನ ಮೇಲೆ ಸುಮ್ಮನೆ ನಿಂತಿತು.

“ಅದು ನಮಗೆ ಔಷಧಿ, ಬೆಕ್ಕಿಗೆ ವಿಷ ಅಮ್ಮ. ನಮ್ಮ ಲಿವರ್ ಅದನ್ನ ಅರಗಿಸುತ್ತೆ, ಬೆಕ್ಕಿನ ಲಿವರಿಗೆ ಆ ಶಕ್ತಿ ಇಲ್ಲ. ಎಷ್ಟು ಸಣ್ಣ ಚೂರಾದ್ರೂ ಕೊಡೋ ಹಾಗಿಲ್ಲ. ರಕ್ತ ಕೆಟ್ಟೋಗುತ್ತೆ. ಉಸಿರಾಡ್ತಾ ಇರುತ್ತೆ, ಆದ್ರೆ ಒಳಗೆ ಗಾಳಿ ದಕ್ಕಲ್ಲ.”

“ನಮ್ಮ ಹುಡುಗಿಗೆ ಗುಣ ಆಯ್ತಲ್ಲಪ್ಪಾ…”

“ಅವರು ಮನುಷ್ಯರು, ಅವರಿಗೆ ಏನೂ ಆಗಲ್ಲ, ಹೆದರಬೇಡಿ. ಇದು ಬೆಕ್ಕು. ಎದೆಬಾವಿಗೆ ಬೇರೆ ಔಷಧಿ ಇತ್ತು. ನಿನ್ನೆ ತಂದಿದ್ದರೆ ಕೊಡ್ತಿದ್ದೆ.”

ಸೂಜಿ ಚುಚ್ಚಿದರು. ಬಾಟಲಿನಿಂದ ಗ್ಲೂಕೋಸ್ ನೀರು ಏರಿಸಿದರು. ಮಧ್ಯಾಹ್ನದವರೆಗೂ ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ, ಬೆಚ್ಚಗಿಡಿ, ಮರಿಗಳನ್ನು ಮಾತ್ರ ಇವಳ ಹಾಲಿಗೆ ಬಿಡಬೇಡಿ, ತಾಯಿಗೆ ಹಾಕಿದ್ದೆಲ್ಲ ಹಾಲಿನಲ್ಲಿ ಮರಿಗೂ ಇಳಿಯುತ್ತದೆ ಎಂದರು. ಅಷ್ಟು ಹೇಳಿದ್ದರಲ್ಲೇ ನಮಗೆ ಗೊತ್ತಾಯಿತು. ಮನೆಗೆ ಬಂದು ಹಂಡೆ ಒಲೆಯ ಪಕ್ಕ ಅದೇ ಮೂಲೆಯಲ್ಲಿ ಮಂಕರಿ ಇಟ್ಟೆವು. ನಡುಮನೆಯಿಂದ ಮರಿಗಳ ಕೂಗು ಕೇಳಿ ಗೌರಿ ಒಮ್ಮೆ ಕತ್ತು ಎತ್ತಲು ನೋಡಿದಳು. ಅಜ್ಜಿ ಅವಳ ಬಾಯಿಗೆ ತುಳಸಿ ನೀರು ಬಿಟ್ಟಳು. ಮನುಷ್ಯರಿಗೆ ಬಿಡುವ ಹಾಗೆಯೇ. ದೀಪ ಹಚ್ಚುವ ಮುಂಚೆ ಪ್ರಾಣ ಹೋಯಿತು. ಹಿತ್ತಲ ನಂದಿಬಟ್ಟಲ ಗಿಡದ ಬುಡದಲ್ಲಿ ತಾತನೇ ಗುಂಡಿ ತೋಡಿದರು.

ಅಂದು ಸಂಜೆ ಸ್ನಾನ ಮಾಡಿ ಬಂದ ಅಜ್ಜಿ ದಿನದ ಪದ್ಧತಿಯಂತೆ ಕಲ್ಲಿನ ಮೇಲೆ ಬಜೆ ತೇಯ್ದು, ಬೆರಳಿಗೆ ತೆಗೆದುಕೊಂಡು ಬಾಣಂತಿ ಕೋಣೆಗೆ ಹೋದಳು. ನಾನು ಬಾಗಿಲಲ್ಲೇ ಇದ್ದೆ. ವನಜತ್ತೆ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ಸರಿದಳು.

“ಮಗೂಗೆ ಇವತ್ತು ಬೇಡಮ್ಮ.”

“ಇವತ್ತು ಬೇಡ್ವಾ, ಇನ್ಮೇಲೂ ಬೇಡ್ವಾ?”

ಅತ್ತೆ ಅತ್ತುಬಿಟ್ಟಳು.

“ನನಗೆ ಕೊಟ್ಟಿದ್ದೂ ಅದೇ ಕೈಯಿಂದ ತಾನೆ? ಅದೇ ಮಾತ್ರೆ ನುಂಗಿದ್ದೀನಿ, ಈ ಕೂಸು ನನ್ನ ಹಾಲು ಕುಡೀತಿದೆ. ನಿನಗೆ ಗೊತ್ತಿಲ್ಲದೇ ಇರೋದು ಇನ್ನೂ ಏನೇನಿದೆಯೋ! ಯಾರಿಗೆ ಗೊತ್ತು?”

“ವನಜಾ, ಮನುಷ್ಯರಿಗೆ ಏನೂ ಆಗಲ್ವಂತೆ, ಡಾಕ್ಟರೇ ಹೇಳಿದ್ರಂತಲ್ಲ!” ಎಂದು ಅಮ್ಮ ಗದರಿದಳು. ಅಜ್ಜಿ ಅಮ್ಮನನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿದಳು. ಹಿತ್ತಲಿಗೆ ಹೋಗಿ, ಚೊಂಬಿನ ನೀರಿನಲ್ಲಿ ಆ ಬೆರಳನ್ನು ತೊಳೆದಳು. ಬಹಳ ಹೊತ್ತು ತೊಳೆದಳು. ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು. ಅವಳು ಹೆದರಿದ್ದಳು, ಅವಳ ಮಗು ಅದು ಎಂಬುದು ನನಗೆ ಹೊಳೆದದ್ದು ನಾನು ಹೆತ್ತ ಮೇಲೆ. ಬೆಳಿಗ್ಗೆ ಎದ್ದು ನೋಡಿದರೆ ಗೂಡಿನಲ್ಲಿ ಡಬ್ಬ ಇರಲಿಲ್ಲ. ತಿಪ್ಪೆಯ ಪಕ್ಕ ಅಜ್ಜಿ ಆಳಕ್ಕೆ ಒಂದು ಗುಂಡಿ ತೋಡಿ ಮಾತ್ರೆಗಳನ್ನೆಲ್ಲ ಹೂತಿದ್ದಳು. ನಮ್ಮ ಮನೆಯಲ್ಲಿ ಮಾತ್ರೆ ಬಿಸಾಡಿದ್ದು ಅದೇ ಮೊದಲು. ಮೊದಲ ಗುಳಿಗೆ ನಿಮ್ಮ ಕೈಯಿಂದ ಎಂದು ಜಗುಲಿ ಹತ್ತಿದವರಿಗೆ, “ಡಾಕ್ಟರ್ ಹೇಳಿದ ಹಾಗೆ ನೀವೇ ತಗೊಳ್ಳಿ, ನನ್ನ ಕೈಲಿ ಏನೂ ಇಲ್ಲ” ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಜನ ಕ್ರಮೇಣ ಬರುವುದು ಬಿಟ್ಟರು.

ಇನ್ನು ಉಳಿದದ್ದು ಮರಿಗಳು. ಜವರಮ್ಮ ಬಂದು ಕೇಳಿದರೆ ತಾಯಿಯನ್ನಂತೂ ಕೊಡುವಂತಿರಲಿಲ್ಲ, ಮರಿಗಳನ್ನಾದರೂ ಕೊಡಬೇಕಿತ್ತು. ಅಜ್ಜಿ ಮತ್ತೆ ದನದ ಆಸ್ಪತ್ರೆಗೆ ನಡೆದಳು, ಈ ಸಲ ಕೇಳುವುದಕ್ಕೆ. ಡಾಕ್ಟರು ಹೇಳಿದ್ದನ್ನು ದಾರಿಯುದ್ದಕ್ಕೂ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಳು. ಬರೀ ಹಸುವಿನ ಹಾಲು ಹಾಕಿದರೆ ಭೇದಿಯಾಗುತ್ತದೆ. ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕ್ಕೆ ಹೋಗುತ್ತದೆ; ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ, ತೊಟ್ಟು ತೊಟ್ಟಾಗಿ ಹಾಕಬೇಕು. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಕುಡಿಸಿದ ಮೇಲೆ ಒದ್ದೆ ಹತ್ತಿಯಲ್ಲಿ ಹಿಂದುಗಡೆ ಒರೆಸಬೇಕು, ತಾಯಿ ನೆಕ್ಕಿದ ಹಾಗೆ, ಇಲ್ಲದಿದ್ದರೆ ಉಚ್ಚೆ ಹೊಯ್ಯುವುದಿಲ್ಲ. ಇದೆಲ್ಲ ಸರಿ. ಕೊನೆಯದೊಂದು ಮಾತು ಅಜ್ಜಿ ಜಗುಲಿಯಲ್ಲಿ ಹೇಳಲಿಲ್ಲ, ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. ಹಾಲಿಗೆ ಮೊಟ್ಟೆಯ ಹಳದಿ ಬೆರೆಸಬೇಕಂತೆ.

ಅರ್ಚಕರ ಮನೆ ಅದು, ನೆನಪಿರಲಿ. ಮೊಟ್ಟೆ ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಆಡಿದರೆ ಅಜ್ಜಿ ಎಲೆ ಬಿಟ್ಟು ಏಳುತ್ತಿದ್ದಳು. ಆ ಅಜ್ಜಿ ನನ್ನನ್ನು ಪೇಟೆಗೆ ಕಳಿಸಿದಳು. ಅಂಗಡಿಯವನು ಕಣ್ಣರಳಿಸಿ, “ಏನವ್ವಾ, ರಾಮದೇವ್ರು ಮೊಟ್ಟೆ ಕೇಳ್ಬುಟ್ರಾ?” ಎಂದು ಕಿಚಾಯಿಸಿದ. ನಾನೂ ಬಿಡಲಿಲ್ಲ, ರಾಮದೇವರಿಗಲ್ಲ, ಬಾಣಂತಿ ಮಕ್ಕಳಿಗೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ಅಜ್ಜಿ ಹಿತ್ತಲ ಹಳೆಯ ಕೊಟ್ಟಿಗೆಯಲ್ಲಿ ಬೇರೆ ಒಲೆ, ಬೇರೆ ಬಟ್ಟಲು ಇಟ್ಟುಕೊಂಡು, ತಾನೂ ಅಲ್ಲಿಯೇ ಚಾಪೆ ಹಾಸಿದಳು. ಮೊಟ್ಟೆ ಮುಟ್ಟಿದ ಕೈ ಅಡುಗೆಮನೆಗೆ ಹೋಗಬಾರದು, ದೇವರ ಮನೆಗಂತೂ ಆಗಲೇ ಆಗದು. ಒಂದೊಂದು ಸಲಕ್ಕೂ ಮಿಂದು ಮಡಿಯಾಗಿ ಮತ್ತೆ ಮುಟ್ಟುವುದಕ್ಕೆ ಮರಿಗಳ ಹಸಿವು ಕಾಯಬೇಕಲ್ಲ? ಅಡುಗೆಮನೆಯ ಯಜಮಾನಿಕೆಯನ್ನು ಹಾಗೆಯೇ ಅಮ್ಮನಿಗೆ ಬಿಟ್ಟುಕೊಟ್ಟಳು. ಅಮ್ಮ ಅಲ್ಲಿಗೇ ಊಟ ತಂದಿಡುತ್ತಿದ್ದಳು.

ಮೊದಲ ದಿನ ಅಜ್ಜಿಯ ಕೈ ತನ್ನಷ್ಟಕ್ಕೆ ಮರಿಯನ್ನು ಅಂಗಾತ ತಿರುಗಿಸಿತು. ಎಷ್ಟು ಕೂಸುಗಳಿಗೆ ಒಳಲೆಯಲ್ಲಿ ಹಾಲು ಕುಡಿಸಿದ ಕೈ ಅದು! ಮರುಕ್ಷಣ ಬೆಚ್ಚಿ, ಬೋರಲು ಹಾಕಿಕೊಂಡಳು. ಹತ್ತಿಯ ಬತ್ತಿಯಿಂದ ಒಂದೊಂದೇ ತೊಟ್ಟು ಬಿಡುತ್ತ, ನನಗೋ ತನಗೋ ಎಂದು ಗೊತ್ತಾಗದ ಹಾಗೆ ಹೇಳಿದಳು:

“ಇದು ಕೂಸಲ್ಲ ಕಣೇ. ಬೆಕ್ಕಿನ ಮರಿ. ಬೆಕ್ಕಿನ ಮರಿ ಥರಾನೇ ನೋಡ್ಬೇಕು.”

ಬಡಕಲು ಮರಿಯೊಂದು ಉಳಿಯಲಿಲ್ಲ. ಅದನ್ನು ಗೌರಿಯ ಪಕ್ಕದಲ್ಲೇ ಇಟ್ಟೆವು. ಮೂರು ಉಳಿದವು. ತಾತನಿಗೆ ಮೊಟ್ಟೆಯ ಸಂಗತಿ ಬೀದಿಯ ಬಾಯಿಂದ ಗೊತ್ತಾಯಿತು. ನಾವೆಲ್ಲ ರಾಮಾಯಣವೇ ಆಗುತ್ತದೆ ಎಂದು ಉಸಿರು ಬಿಗಿಹಿಡಿದೆವು. ಅವರು ಅಂದು ಊಟಕ್ಕೆ ಕೂತಾಗ ಮಾತಾಡಲಿಲ್ಲ, ಮಾರನೆಯ ದಿನವೂ ಆ ಮಾತು ಎತ್ತಲಿಲ್ಲ. ಗೌರಿ ಹಬ್ಬದ ದಿನ ಮನೆಯಲ್ಲಿ ಅಮ್ಮ ಪೂಜೆಗೆ ಕೂತಿದ್ದಳು. ಮದುವೆಯಾದಂದಿನಿಂದ ತಪ್ಪದೆ ಗೌರಿಯನ್ನು ಕೂರಿಸಿದ್ದ ಅಜ್ಜಿ ಕೊಟ್ಟಿಗೆಯಲ್ಲಿ ಗಂಟೆಯ ಸದ್ದು ಕೇಳಿಸಿಕೊಳ್ಳುತ್ತ, ತೊಡೆಯ ಮೇಲೆ ಮರಿ ಹಾಕಿಕೊಂಡಿದ್ದಳು. ತಾತ ಮಂಗಳಾರತಿ ತಟ್ಟೆ ಹಿಡಿದು ಹಿತ್ತಲಿಗೆ ಬಂದರು. ಕೊಟ್ಟಿಗೆಯ ಹೊಸಿಲು ದಾಟಲಿಲ್ಲ. ಅಜ್ಜಿಯೂ ಆರತಿಗೆ ಕೈ ಚಾಚಲಿಲ್ಲ.

“ಕುಡೀತಾ?” ಎಂದು ಕೇಳಿದರು ತಾತ.

“ಹೂಂ. ಇವತ್ತು ಮೂರೂ ಕುಡಿದ್ವು.”

ತಾತ ತಟ್ಟೆಯನ್ನು ಅಲ್ಲಿಂದಲೇ ಒಮ್ಮೆ ಅವಳ ಕಡೆಗೆ ಎತ್ತಿ ಹಿಡಿದು ಹಿಂದಿರುಗಿದರು.

ದಸರೆ ಕಳೆದ ಮೇಲೆ ಜವರಮ್ಮ ಬಂದಳು. ಮೈಯೆಲ್ಲ ಹೊಗೆಸೊಪ್ಪಿನ ವಾಸನೆ, ಮುಖದ ತುಂಬ ನಗು. “ಎಲ್ಲವ್ಳೆ ನಮ್ ಬಾಣ್ತಿ?” ಎಂದು ಹಿತ್ತಲ ಬಾಗಿಲಲ್ಲೇ ಕೂಗಿದಳು. ಅಮ್ಮ ಒಳಗೆ ಸರಿದಳು. ಅಜ್ಜಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಎದುರಿಗೆ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮಾತ್ರೆ ಯಾರದು, ಎಷ್ಟು ಕೊಟ್ಟೆ, ಹೇಗೆ ಹೋದಳು, ಎಲ್ಲ. ಜವರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾರದೆ ಕೇಳಿದಳು:

“ಮಗಳ ತರ ನೋಡ್ಕಳಿ ಅಂದಿದ್ದೆನಲ್ಲಾ ಅಮ್ಮಾರೆ?”

“ಹಾಗೇ ನೋಡಿದೆ ಜವರಮ್ಮ. ಅದಕ್ಕೇ ಸತ್ತಳು.”

ಅಜ್ಜಿ ನಂದಿಬಟ್ಟಲ ಗಿಡದ ಬುಡವನ್ನು ಕೈಯಲ್ಲಿ ತೋರಿಸಿದಳು. ಆಮೇಲೆ ಎದ್ದು, ಅಮ್ಮನಿಗೆ ಹೇಳಿ ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ ತರಿಸಿದಳು. ಬಾಣಂತನ ಮುಗಿಸಿದ ಮಗಳನ್ನು ತವರಿನಿಂದ ಕಳಿಸುವಾಗ ಬರಿಮಡಿಲಲ್ಲಿ ಕಳಿಸುವುದಿಲ್ಲ. ಮಗಳು ಇರಲಿಲ್ಲ. ಜವರಮ್ಮನ ಸೆರಗು ಹರಡಿಸಿ, ಮಡಿಲಕ್ಕಿ ಹಾಕಿ, ಅದರ ಮೇಲೆ ಮೂರು ಮರಿಗಳನ್ನೂ ಒಂದೊಂದಾಗಿ ಇಟ್ಟಳು. ಮರಿಗಳು ಅಕ್ಕಿಯೊಳಗೆ ಕಾಲು ಹೂತುಕೊಂಡು ಮಿಯಾಂವ್ ಎಂದವು. ಜವರಮ್ಮ ಅಳುತ್ತಲೇ ನಕ್ಕು, ಬೂದು ಮೈಯ ಬಿಳಿ ಕತ್ತಿನ ಮರಿಯನ್ನು ಎತ್ತಿ ಅಜ್ಜಿಯ ಕಡೆ ಚಾಚಿದಳು.

“ಇದು ನಿಮ್ತಾವೇ ಇರ್ಲಿ.”

“ಬೇಡಮ್ಮ. ನನ್ನ ಕೈಗೆ ಕೊಡಬೇಡ.”

“ತಾಯಿ ಓದ್ಮ್ಯಾಕೆ ಇವ್ನ ಇಷ್ಟುದ್ದ ಮಾಡಿದ್ದು ಯಾವ್ ಕೈಯಿ? ಇಡ್ಕಳಿ ಅಂದ್ರೆ ಇಡ್ಕಳಿ.”

ಅಜ್ಜಿ ಸೆರಗು ಒಡ್ಡಿ ಮರಿಯನ್ನು ಹಾಕಿಸಿಕೊಂಡಳು. ಬಾಣಂತಿ ಕೋಣೆಯ ಬಾಗಿಲ ಸಂದಿಯಲ್ಲಿ ವನಜತ್ತೆ ನಿಂತು ನೋಡುತ್ತಿದ್ದಳು. ಕಾರ್ತೀಕದಲ್ಲಿ ಅವಳ ಗಂಡ ಬಂದು ಕರೆದುಕೊಂಡು ಹೋದ. ಹೊರಡುವಾಗ ಮಗುವಿನ ಬಾಯಿಗೆ ಸಕ್ಕರೆ ಹಾಕುವ ಶಾಸ್ತ್ರಕ್ಕೆ ಅಜ್ಜಿ ಮುಂದೆ ಬರಲೇ ಇಲ್ಲ, ಕಂಬದ ಹತ್ತಿರ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಮ್ಮ ಹಾಕಿದಳು. ಆಮೇಲೆ ವರ್ಷ ವರ್ಷ ಅತ್ತೆ ಬಂದಳು, ಹೋದಳು, ನಕ್ಕಳು, ಜಡೆ ಹೆಣೆಸಿಕೊಂಡಳು. ಆದರೆ ಮಗುವಿನ ಔಷಧಿಯನ್ನು ತನ್ನ ಚೀಲದಲ್ಲೇ ತರುತ್ತಿದ್ದಳು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇವತ್ತಿಗೂ ಯಾರಾದರೂ ತಲೆನೋವಾ, ತಗೋ ನನ್ನ ಹತ್ತಿರ ಮಾತ್ರೆ ಇದೆ ಎಂದು ಪರ್ಸಿಗೆ ಕೈ ಹಾಕಿದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಏನು, ಯಾರಿಗೆ ಬರೆದದ್ದು, ಯಾಕೆ ಎಂದು ಕೇಳುತ್ತೇನೆ. ನಮ್ಮ ಮನೆಯವರು ನನ್ನನ್ನು ಅನುಮಾನದ ಪಿಶಾಚಿ ಎನ್ನುತ್ತಾರೆ. ಎನ್ನಲಿ. ನನ್ನ ಅಜ್ಜಿಗೆ ಪ್ರೀತಿ ಕಡಿಮೆಯಿತ್ತು ಎಂದು ಹೇಳುವವರ ಬಾಯಿಗೆ ಮಣ್ಣು ಹಾಕುತ್ತೇನೆ. ಅವಳಿಗೆ ಪ್ರೀತಿ ಬೇಕಾದಷ್ಟಿತ್ತು. ಕೇಳುವುದೊಂದು ಇರಲಿಲ್ಲ. ಅದನ್ನು ಅವಳು ಕಲಿತಳು, ಮತ್ತೆ ಮರೆಯಲೇ ಇಲ್ಲ.

ಎಷ್ಟೋ ವರ್ಷದ ಮೇಲೆ, ತಾತ ಹೋಗಿ, ನಾವು ಹಾಸನಕ್ಕೆ ಮನೆ ಬದಲಾಯಿಸಿದ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಕಣ್ಣು ಮಂಜು, ಕೈ ನಡುಕ. ಯಾರು ಮಾತ್ರೆ ತಂದರೂ ಹಲ್ಲು ಕಚ್ಚಿಕೊಂಡು ಒಂದೇ ಪ್ರಶ್ನೆ: “ಯಾರಿಗೆ ಬರೆದಿದ್ದು ಇದು?” ಅಮ್ಮನಿಗೆ ಸಾಕುಬೇಕಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ವನಜತ್ತೆ ಚನ್ನರಾಯಪಟ್ಟಣದಿಂದ ಬಂದಳು. ಅವಳ ಕೂದಲೂ ಆಗಲೇ ನರೆತಿತ್ತು. ಅಮ್ಮನ ಕೈಯಿಂದ ಮಾತ್ರೆ, ಲೋಟ ತೆಗೆದುಕೊಂಡು ಹಾಸಿಗೆಯ ಪಕ್ಕ ಕೂತಳು.

“ಯಾರಿಗೆ ಬರೆದಿದ್ದು ಇದು?”

“ನಿನಗೇ ಕಣಮ್ಮ.”

“ಕೇಳಿದ್ಯಾ?”

“ಕೇಳಿದೀನಿ. ಬರುವಾಗ ಡಾಕ್ಟರ ಹತ್ತಿರ ಹೋಗಿ ಇನ್ನೊಂದು ಸಲ ಕೇಳ್ಕೊಂಡೇ ಬಂದೆ. ನಿನಗೇ.”

ಅಜ್ಜಿ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು.

“ವನಜಾನಾ? ಹಾಗಾದ್ರೆ ನೀನೇ ಹಾಕು. ನಿನ್ನ ಕೈಯಿಂದ ಹಾಕು.”

ಅಜ್ಜಿ ಬಾಯಿ ತೆರೆದಳು. ಅತ್ತೆ ಲೋಟ ಕೆಳಗಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು. ದೇವರ ಕಡೆ ಒಮ್ಮೆ ನೋಡಿ, ಮಾತ್ರೆಯನ್ನು ತೋರುಬೆರಳಿನಲ್ಲಿ ಅಜ್ಜಿಯ ನಾಲಗೆಯ ಮೇಲೆ ಇಟ್ಟಳು. ಅಜ್ಜಿ ನೀರು ಕುಡಿದು ನುಂಗಿದಳು. ಮಗಳ ಬೆರಳನ್ನು ಮಾತ್ರ ಬಿಡಲಿಲ್ಲ.